ಸಂಸದರನ್ನು ‘ಮಹಾರಾಜರು’ ಅನ್ನೋದು ಯಾಕೆ?

ಮೈಸೂರಲ್ಲಿ ರಾಜರ ಆಳ್ವಿಕೆ ಮುಗಿದದ್ದು ಯಾವಾಗ? ಕೆಎಎಸ್ ಪರೀಕ್ಷೆಗೆ ಓದುತ್ತಿರುವವರನ್ನು ಕೇಳಿದರೆ 1947 ಅಂತಾರೆ. ಆ ವರ್ಷ ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿ ಮೊದಲ ಮುಖ್ಯಮಂತ್ರಿ ಆದರು. ಇನ್ನು ಕೆಲವರು 1950 ಅಂತಾರೆ, ಸಂವಿಧಾನ ಬಂತಲ್ಲ, ಅದಕ್ಕೆ. ಆದರೆ ಸಂವಿಧಾನ ಬಂದಮೇಲೂ ಜಯಚಾಮರಾಜೇಂದ್ರ ಒಡೆಯರ್ ರಾಜಪ್ರಮುಖರಾಗಿ ಮುಂದುವರಿದರು. 1956ರಲ್ಲಿ ಏಕೀಕರಣ ಆದಾಗ ರಾಜ್ಯಪಾಲರಾದರು. ಒಪ್ಪಂದದ ಪ್ರಕಾರ ವರ್ಷಕ್ಕೆ 26 ಲಕ್ಷ ರೂಪಾಯಿ ರಾಜಧನವೂ ಇತ್ತು. ಅದು ನಿಂತದ್ದು 1971ರಲ್ಲಿ, 26ನೇ ತಿದ್ದುಪಡಿ ಆದಮೇಲೆ. ರಾಜರು ಅಂತ ಸರ್ಕಾರ ಕೊಟ್ಟಿದ್ದ ಮಾನ್ಯತೆಯೇ ಆವತ್ತು ರದ್ದಾಯ್ತು. ಕಾನೂನಿನ ಲೆಕ್ಕದಲ್ಲಿ ಅಲ್ಲಿಗೆ ಫೈಲ್ ಕ್ಲೋಸ್.

ನನ್ನ ಉತ್ತರ ಬೇರೆ ಇದೆ. ಮುಗಿದಿಲ್ಲ. 2024ರ ಲೋಕಸಭಾ ಚುನಾವಣೆಯಲ್ಲಿ ಮೈಸೂರು–ಕೊಡಗು ಕ್ಷೇತ್ರದಿಂದ ಯದುವೀರ್ ಒಡೆಯರ್ 1,39,000ಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಗೆದ್ದರು. ಅದಕ್ಕೆ ಮೊದಲು ಅವರು ಒಂದು ಚುನಾವಣೆಯನ್ನೂ ಎದುರಿಸಿದವರಲ್ಲ. ಎರಡು ಸಲ ಗೆದ್ದಿದ್ದ ಹಾಲಿ ಸಂಸದರಿಗೆ ಟಿಕೆಟ್ ತಪ್ಪಿ ಇವರಿಗೆ ಸಿಕ್ಕಿತು. ಗೆದ್ದಮೇಲೆ ನಮ್ಮ ಚಾನೆಲ್‌ಗಳು, ನಮ್ಮ ಇನ್‌ಸ್ಟಾಗ್ರಾಮ್ ಪೇಜುಗಳು ಅವರನ್ನು ಏನಂತ ಕರೆದವು ಅನ್ನೋದು ನಿಮಗೇ ಗೊತ್ತು.

ಆ ಕ್ಷೇತ್ರದಲ್ಲಿ ನನ್ನದೂ ಒಂದು ಓಟಿದೆ. ನಮ್ಮೂರು ಹುಣಸೂರು ತಾಲ್ಲೂಕು. ವೋಟರ್ ಐಡಿ ಇನ್ನೂ ಬೆಂಗಳೂರಿಗೆ ಬದಲಾಯಿಸಿಲ್ಲ, ಚುನಾವಣೆ ಬಂದರೆ ಊರಿಗೇ ಹೋಗ್ತೀನಿ. ಹಾಗಾಗಿ ಇದನ್ನು ಬರೆಯೋ ಹಕ್ಕು ನನಗಿದೆ ಅಂದುಕೊಂಡಿದ್ದೀನಿ.

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ಯದುವೀರ್ ಅವರ ಮೇಲೆ ನನಗೆ ವೈಯಕ್ತಿಕವಾಗಿ ಏನೂ ಇಲ್ಲ. ಓದಿದವರು, ಮಾತು ಮೆದು, ನಮ್ಮ ಎಷ್ಟೋ ರಾಜಕಾರಣಿಗಳ ಹಾಗೆ ಮೈಕ್ ಸಿಕ್ಕಿದ ಕೂಡಲೇ ಕಿರುಚೋರಲ್ಲ. ಈ ದೇಶದ ಪ್ರಜೆಯಾಗಿ ಚುನಾವಣೆಗೆ ನಿಲ್ಲೋ ಹಕ್ಕು ನನಗೆಷ್ಟಿದೆಯೋ ಅವರಿಗೂ ಅಷ್ಟೇ ಇದೆ. ಜಗಳ ಇರೋದು ನಿಮ್ಮ ಜೊತೆ. ಅಂದರೆ ನನ್ನ ವಯಸ್ಸಿನ, ನನ್ನ ಥರಾನೇ ಮಾನ್ಯತಾ ಟೆಕ್ ಪಾರ್ಕಲ್ಲೋ ಐಟಿಪಿಎಲ್ಲಲ್ಲೋ ಕೂತು ದಸರಾ ಬಂದ ಕೂಡಲೇ ‘ನಮ್ಮ ಮಹಾರಾಜರು’ ಅಂತ ಸ್ಟೇಟಸ್ ಹಾಕೋ ನಿಮ್ಮ ಜೊತೆ.

2017ರ ಡಿಸೆಂಬರ್‌ನಲ್ಲಿ ಅರಮನೆಯಲ್ಲಿ ಗಂಡುಮಗು ಹುಟ್ಟಿದಾಗ ಸುದ್ದಿ ಹೇಗೆ ಬಂತು ನೆನಪಿದೆಯಾ? ‘ಅಲಮೇಲಮ್ಮನ ಶಾಪ ವಿಮೋಚನೆ!’ ನಾನೂರು ವರ್ಷದ ಹಿಂದೆ ತಲಕಾಡಿನ ಹತ್ತಿರ ಹೊಳೆಗೆ ಹಾರಿದ ಹೆಂಗಸೊಬ್ಬಳು ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ ಅಂತ ಶಪಿಸಿದಳಂತೆ, ಆ ಶಾಪ ಈಗ ಕಳೀತಂತೆ. ಒಂದು ಮಗು ಹುಟ್ಟಿದರೆ ಸಂತೋಷ ಪಡಬೇಕು ನಿಜ. ಆದರೆ ಟೀವಿಯವರ ಸಂತೋಷ ಮಗುವಿಗಲ್ಲ, ವಾರಸುದಾರನಿಗೆ. ಯಾವ ಹುದ್ದೆಯ ವಾರಸುದಾರ? 46 ವರ್ಷದ ಹಿಂದೆ ರದ್ದಾದ ಹುದ್ದೆಯದು. ಇಲ್ಲದ ಪೋಸ್ಟಿಗೆ ಸಕ್ಸೆಷನ್ ಪ್ಲಾನಿಂಗ್!

ಶಾಪದ ವಿಷಯ ಬಂತಲ್ಲ, ಒಂಚೂರು ಇತಿಹಾಸ ನೋಡೋಣ. ಅದರಲ್ಲೇ ಒಂದು ತಮಾಷೆ ಇದೆ. ರಾಜಪ್ರಭುತ್ವ ಅಂದರೆ ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ರಕ್ತದಲ್ಲಿ ಹರಿದು ಬರೋ ಅಧಿಕಾರ ಅಂತ ತಾನೇ ನಾವು ಅಂದುಕೊಳ್ಳೋದು? ಮೈಸೂರಲ್ಲಿ ಅದು ಎಷ್ಟು ಸಲ ತುಂಡಾಗಿದೆ ನೋಡಿ. ಮುಮ್ಮಡಿ ಕೃಷ್ಣರಾಜರಿಗೆ ವಾರಸುದಾರ ಇರಲಿಲ್ಲ. 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತಗೊಂಡರು. ಬ್ರಿಟಿಷರು ಮೊದಲು ಒಪ್ಪಲಿಲ್ಲ, 1867ರಲ್ಲಿ ಲಂಡನ್ನಿನವರು ಒಪ್ಪಿದರು. ನಾಲ್ವಡಿಯವರಿಗೆ ಮಕ್ಕಳಿರಲಿಲ್ಲ, 1940ರಲ್ಲಿ ಪಟ್ಟ ತಮ್ಮನ ಮಗನಿಗೆ ಹೋಯಿತು. 2013ರಲ್ಲಿ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ತೀರಿಕೊಂಡಾಗಲೂ ಅದೇ ಕಥೆ. 2015ರ ಫೆಬ್ರವರಿಯಲ್ಲಿ ಪ್ರಮೋದಾದೇವಿ ಒಡೆಯರ್ ಅವರು ಯದುವೀರ್ ಗೋಪಾಲರಾಜೇ ಅರಸ್ ಅವರನ್ನು ದತ್ತು ಪಡೆದರು, ಮೇ ತಿಂಗಳಲ್ಲಿ ಪಟ್ಟಾಭಿಷೇಕ ಆಯ್ತು. ನೆಂಟರ ಮನೆಯ ಹುಡುಗನನ್ನೇ ಆರಿಸಿಕೊಂಡದ್ದು, ಹೊರಗಿನವರನ್ನಲ್ಲ, ಅದೂ ಸರಿ. ಆದರೂ ಆರಿಸಿಕೊಂಡದ್ದೇ ಅಲ್ಲವಾ? ಅಂದಮೇಲೆ ‘ರಾಜರಕ್ತ’ ಅನ್ನೋ ಮಾತಿಗೆ ಅರಮನೆಯೇ ಅಷ್ಟು ಬೆಲೆ ಕೊಟ್ಟಿಲ್ಲ. ಬೇಕಾದಾಗ ಯೋಗ್ಯ ಅನಿಸಿದವರನ್ನು ಹುಡುಕಿ ತಂದು ಕೂರಿಸಿಕೊಂಡಿದೆ. ಅವರು ಮನೆಯೊಳಗೆ ಮಾಡಿಕೊಂಡ ಕೆಲಸವನ್ನು ನಾವು ಊರಿಗೆಲ್ಲ ಸೇರಿ ಮಾಡಿದರೆ ಅದಕ್ಕೆ ಚುನಾವಣೆ ಅಂತ ಹೆಸರು.

ಹಾಗಾದರೆ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟುತ್ತಿರುವುದು ಏನು? ರಕ್ತ ಅಲ್ಲ, ಅಧಿಕಾರವೂ ಅಲ್ಲ. ಕ್ರೆಡಿಟ್. ಹಿಂದಿನವರು ಮಾಡಿದ ಒಳ್ಳೇ ಕೆಲಸದ ಕ್ರೆಡಿಟ್ಟು. ಅದರಲ್ಲೂ ಒಬ್ಬರದು, ನಾಲ್ವಡಿ ಕೃಷ್ಣರಾಜ ಒಡೆಯರದು.

ನಮ್ಮ ಮನೆ ಪಡಸಾಲೆಯಲ್ಲಿ ದೇವರ ಪಟಗಳ ಸಾಲಲ್ಲೇ ನಾಲ್ವಡಿಯವರ ಫೋಟೋ ಇತ್ತು, ಈಗಲೂ ಇದೆ. ಅಜ್ಜಿ ದಿನಾ ಬೆಳಿಗ್ಗೆ ಶಿವನಿಗೆ ಇಟ್ಟ ಹೂವಿನಲ್ಲೇ ಒಂದು ಎಸಳು ಅಲ್ಲಿಗೂ ಇಡೋಳು. ‘ಯಾಕಜ್ಜಿ?’ ಅಂದರೆ ‘ದೊರೆಗಳು ಕಣ್ಲಾ ಮಗಾ, ಕಟ್ಟೆ ಕಟ್ಸುದ್ರು’ ಅನ್ನೋಳು. ಕಟ್ಟೆ ಅಂದರೆ ಕನ್ನಂಬಾಡಿ. ಅದರ ನಾಲೆ ನಮ್ಮೂರಿನ ಒಂದು ಗದ್ದೆಗೂ ಬಂದಿಲ್ಲ, ನಮ್ಮದು ಮಳೆ ನಂಬಿದ ಹೊಲ, ಹೊಗೆಸೊಪ್ಪಿನ ಬೆಳೆ. ಆದರೂ ಹೂವು.

ಆ ಹೊಲ ನಮ್ಮದಾಗಿದ್ದು ಹೇಗೆ ಗೊತ್ತಾ? ತಾತ ಗೇಣಿದಾರ. ಬೆಳೆದಿದ್ದರಲ್ಲಿ ಪಾಲು ಧಣಿಯ ಮನೆಗೆ ಹೊತ್ತು ಹಾಕಬೇಕಿತ್ತು. 1974ರಲ್ಲಿ ಭೂಸುಧಾರಣಾ ತಿದ್ದುಪಡಿ ಕಾಯ್ದೆ ಜಾರಿಗೆ ಬಂತು. ತಾತ 7ನೇ ನಂಬರ್ ಫಾರಂ ತುಂಬಿಸಿ ಅರ್ಜಿ ಹಾಕಿದರು, ಭೂ ನ್ಯಾಯ ಮಂಡಳಿಗೆ ಅಲೆದರು, ಕೊನೆಗೆ ಪಹಣಿಯಲ್ಲಿ ಹೆಸರು ಬಂತು. ಆ ಕಾಯ್ದೆ ತಂದ ಮುಖ್ಯಮಂತ್ರಿ ದೇವರಾಜ ಅರಸು ನಮ್ಮದೇ ತಾಲ್ಲೂಕಿನ ಕಲ್ಲಹಳ್ಳಿಯವರು. ‘ಉಳುವವನೇ ಹೊಲದೊಡೆಯ’ ಅನ್ನೋ ಘೋಷಣೆ ನಿಮಗೂ ಗೊತ್ತು. (ಒಡೆಯ ಅನ್ನೋ ಪದವನ್ನು ಅರಮನೆಯಿಂದ ತಂದು ಹೊಲಕ್ಕೆ ಇಳಿಸಿದ ಘೋಷಣೆ ಅದು ಅಂತ ನನಗೆ ಯಾವಾಗಲೂ ಅನಿಸುತ್ತೆ.) ನಮಗೆ ಅನ್ನ ಕೊಟ್ಟ ಕಾನೂನು ತಂದವರ ಫೋಟೋ ನಮ್ಮ ಮನೇಲಿ ಇಲ್ಲ. ನಮ್ಮೂರಿನ ಬೇರೆ ಯಾವ ಮನೆಯಲ್ಲೂ ನಾನು ನೋಡಿಲ್ಲ. ಅಜ್ಜಿಯನ್ನು ನಾನು ದೂರಲ್ಲ. ಅವಳಿಗೆ ಯಾರೂ ಬೇರೆ ಕಥೆ ಹೇಳಲೇ ಇಲ್ಲ. ಇಂಟರ್‌ನೆಟ್ ಕೈಯಲ್ಲಿಟ್ಟುಕೊಂಡಿರೋ ನಮಗೆ ಏನಾಗಿದೆ?

ಕನ್ನಂಬಾಡಿ ವಿಷಯಕ್ಕೇ ಬರ್ತೀನಿ, ಯಾಕಂದರೆ ಈ ಮಾತು ತೆಗೆದ ಕೂಡಲೇ ಎಲ್ಲರೂ ಎತ್ತೋದು ಅದನ್ನೇ. 1911ರಲ್ಲಿ ಶುರುವಾದ ಅಣೆಕಟ್ಟು. ಮಹಾರಾಣಿಯರ ಒಡವೆ ಮಾರಿ ಕಟ್ಟಿಸಿದರು ಅನ್ನೋ ಕಥೆ ಪ್ರತಿ ವರ್ಷ ಒಂದು ಸಲವಾದರೂ ವಾಟ್ಸಾಪಲ್ಲಿ ಬರುತ್ತೆ. ಒಡವೆಯ ಕಥೆಯನ್ನು ಒಪ್ಪಿಕೊಂಡೇ ಮಾತಾಡೋಣ. ಆ ಒಡವೆ ಅರಮನೆಗೆ ಬಂದದ್ದು ಎಲ್ಲಿಂದ? ಕಂದಾಯದಿಂದ. ಕಲ್ಲು ಹೊತ್ತವರು ಸಾವಿರಾರು ಕೂಲಿಗಳು, ಊರು ಮುಳುಗಿಸಿಕೊಂಡವರು ಹಳೇ ಕನ್ನಂಬಾಡಿ ಮತ್ತು ಸುತ್ತಲಿನ ಹಳ್ಳಿಯವರು. ಅವರ ಮೊಮ್ಮಕ್ಕಳು ಯಾರು, ಎಲ್ಲಿದ್ದಾರೆ ಅಂತ ಯಾವ ಚಾನೆಲ್ಲೂ ಹುಡುಕಿಕೊಂಡು ಹೋಗಿಲ್ಲ. ಅವರಲ್ಲಿ ಯಾರಿಗೂ ‘ಕನ್ನಂಬಾಡಿ ಕಟ್ಟಿದ ವಂಶ’ ಅಂತ ಟಿಕೆಟ್ ಸಿಕ್ಕಿಲ್ಲ.

ನಾಲ್ವಡಿ ಒಳ್ಳೆಯ ರಾಜ ಅನ್ನೋದರಲ್ಲಿ ನನಗೆ ತಕರಾರಿಲ್ಲ. ಆ ಕಾಲದ ಬೇರೆ ಸಂಸ್ಥಾನಗಳನ್ನು ನೋಡಿದರೆ ಮೈಸೂರು ಎಷ್ಟೋ ಮುಂದಿತ್ತು. 1916ರಲ್ಲಿ ವಿಶ್ವವಿದ್ಯಾಲಯ, ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ, ಹಳ್ಳಿಹಳ್ಳಿಗೆ ಶಾಲೆ. ನನ್ನ ಪ್ರಶ್ನೆ ಇಷ್ಟೇ. ಒಳ್ಳೇತನ ದತ್ತು ಪತ್ರದ ಜೊತೆ ಬರುತ್ತಾ? ನಿಮ್ಮ ಟೀಮಿಗೆ ಒಬ್ಬ ಹೊಸ ಮ್ಯಾನೇಜರ್ ಬಂದ ಅಂದುಕೊಳ್ಳಿ. ಅವನ ಮುತ್ತಾತ ಬಹಳ ಒಳ್ಳೇ ಮ್ಯಾನೇಜರ್ ಆಗಿದ್ದರು ಅಂತ ಎಚ್‌ಆರ್ ಹೇಳಿದರೆ ನೀವು ಒಪ್ಪಿಕೊಳ್ತೀರಾ? ಅವತ್ತೇ ಲಿಂಕ್ಡ್‌ಇನ್‌ನಲ್ಲಿ ‘ಓಪನ್ ಟು ವರ್ಕ್’ ಅಂತ ಹಾಕ್ತೀರಿ.

ಮೆರಿಟ್ ಅನ್ನೋ ಮಾತು ಬಂದದ್ದೇ ಒಳ್ಳೇದಾಯ್ತು. ಆಫೀಸಿನ ಕೆಫೆಟೇರಿಯಾದಲ್ಲಿ ಮೀಸಲಾತಿ ಬಗ್ಗೆ ಮಾತು ಬಂದರೆ ಸಾಕು, ‘ಹುಟ್ಟಿನ ಆಧಾರದ ಮೇಲೆ ಯಾಕೆ ಕೊಡಬೇಕು, ಮೆರಿಟ್ ಇರಬೇಕು’ ಅಂತ ಶುರು ಮಾಡ್ತಾರಲ್ಲ, ಅದೇ ಜನ ದಸರಾದಲ್ಲಿ ಹುಟ್ಟಿನ ಆಧಾರದ ಮೇಲೆ ಕೈ ಮುಗೀತಾರೆ. ನಾನು ಹಿಂದುಳಿದ ವರ್ಗಗಳ ಹಾಸ್ಟೆಲಿನಲ್ಲಿದ್ದು ಬಿಇ ಮುಗಿಸಿದವನು, ಸೀಟು ಸಿಕ್ಕಿದ್ದೂ ಮೀಸಲಾತಿಯಲ್ಲೇ. ಅದನ್ನು ಕೇಳಿದಾಗ ಮುಖ ಸಿಂಡರಿಸೋರಿಗೆ ಒಂದು ಮಾಹಿತಿ ಕೊಡ್ತೀನಿ. ಈ ನಾಡಿನಲ್ಲಿ ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರಿಗೆ ಪಾಲು ಸಿಗಬೇಕು ಅಂತ 1918ರಲ್ಲಿ ಮಿಲ್ಲರ್ ಸಮಿತಿ ಮಾಡಿದ್ದು ನೀವು ಸ್ಟೇಟಸ್ಸಲ್ಲಿ ಹಾಕಿಕೊಳ್ಳೋ ಅದೇ ನಾಲ್ವಡಿ. ಅದೇ ವರ್ಷ ದಿವಾನಗಿರಿಗೆ ರಾಜೀನಾಮೆ ಕೊಟ್ಟವರು ನೀವು ಇಂಜಿನಿಯರ್ಸ್ ಡೇ ದಿನ ಪೋಸ್ಟ್ ಮಾಡೋ ಸರ್ ಎಂ. ವಿಶ್ವೇಶ್ವರಯ್ಯ. ಇಬ್ಬರ ಫೋಟೋನೂ ಪಕ್ಕಪಕ್ಕ ಹಾಕ್ತೀರಿ, ಅವರಿಬ್ಬರಿಗೂ ಯಾವ ವಿಷಯಕ್ಕೆ ಸರಿಹೋಗಲಿಲ್ಲ ಅಂತ ಓದೋಕೆ ಮಾತ್ರ ಟೈಮಿಲ್ಲ.

ಅಲ್ಲಿ ಇನ್ನೂ ಒಂದು ವಿಷಯ ಇದೆ, ನನಗೆ ಅದೇ ಹೆಚ್ಚು ಮುಖ್ಯ. ಆ ಸಮಿತಿ ರಾಜರಿಗೆ ಒಂದು ದಿನ ಬೆಳಿಗ್ಗೆ ಎದ್ದಾಗ ಹೊಳೆದದ್ದಲ್ಲ. 1917ರಲ್ಲಿ ಪ್ರಜಾಮಿತ್ರ ಮಂಡಳಿ ಅಂತ ಒಂದು ಸಂಘಟನೆ ಹುಟ್ಟಿತು. ಒಕ್ಕಲಿಗರು, ಲಿಂಗಾಯತರು, ಮುಸ್ಲಿಮರು ಹೀಗೆ ಬ್ರಾಹ್ಮಣೇತರ ಸಮುದಾಯಗಳ ಮುಖಂಡರು ಸೇರಿ ಕಟ್ಟಿದ್ದು. ಅವರು ನಿಯೋಗ ಹೋಗಿ ಮನವಿ ಕೊಟ್ಟಮೇಲೆ ಸಮಿತಿ ಆದದ್ದು. ಅರ್ಜಿ ಹಿಡಿದು ಹೋದವರ ಹೆಸರು ನಮಗೆ ಗೊತ್ತಿಲ್ಲ, ಸಹಿ ಹಾಕಿದವರ ವಂಶವೃಕ್ಷ ಬಾಯಿಪಾಠ. ಯಾವ ರಾಜಪ್ರಭುತ್ವವಾದರೂ ಮುಂದಿನ ತಲೆಮಾರಿಗೆ ದಾಟೋದು ಹೀಗೇನೇ: ಸಾವಿರ ಜನ ಒದ್ದಾಡಿ ಪಡೆದದ್ದನ್ನು ಒಬ್ಬರು ಕೊಟ್ಟದ್ದು ಅಂತ ಬರೆದುಕೊಳ್ಳೋದು, ಆಮೇಲೆ ಆ ಒಬ್ಬರ ಹೆಸರನ್ನು ಮನೆಯ ಆಸ್ತಿ ಮಾಡಿಬಿಡೋದು.

ಹೆಮ್ಮೆಯನ್ನು ವಾರಸುದಾರಿಕೆಯಲ್ಲಿ ತಗೊಂಡರೆ ಸಾಲವನ್ನೂ ತಗೋಬೇಕು ಅಲ್ವಾ? ನಮ್ಮ ಕಡೆ ಅಪ್ಪ ಸತ್ತರೆ ಮಗನ ತಲೆ ಮೇಲೆ ಸೊಸೈಟಿ ಸಾಲವೂ ಬರುತ್ತೆ. ಅರಮನೆಯ ಖಾತೆಯಲ್ಲಿ ಸಾಲದ ಪುಟ ಯಾರೂ ತೆರೆಯಲ್ಲ. 1830–31ರಲ್ಲಿ ನಗರದ ರೈತರು ಕಂದಾಯದ ಕಾಟ ತಡೆಯಲಾರದೆ ದಂಗೆ ಎದ್ದರು. ಆ ದಂಗೆಯೇ ನೆಪವಾಗಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ರಾಜರ ಕೈಯಿಂದ ಕಿತ್ತುಕೊಂಡರು, ಅದು ವಾಪಸ್ ಸಿಕ್ಕಿದ್ದು 50 ವರ್ಷದ ಮೇಲೆ, 1881ರಲ್ಲಿ. ಅಂದರೆ ಆರುನೂರು ವರ್ಷದ ಅಖಂಡ ಆಳ್ವಿಕೆ ಅಂತ ನೀವು ಹಂಚಿಕೊಳ್ಳೋ ಪೋಸ್ಟಿನ ನಡುವೆ ಐವತ್ತು ವರ್ಷದ ತೂತಿದೆ, ತೂತು ಮಾಡಿದವರಲ್ಲಿ ನಮ್ಮಂಥ ರೈತರೂ ಇದ್ದಾರೆ. ಅಧಿಕಾರ ಇಲ್ಲದ ಆ ವರ್ಷಗಳಲ್ಲೂ ರಾಜರಿಗೆ ರಾಜ್ಯದ ನಿವ್ವಳ ಆದಾಯದ ಐದನೇ ಒಂದು ಪಾಲು ಹೋಗುತ್ತಿತ್ತು ಅನ್ನೋದನ್ನೂ ಸೇರಿಸಿಕೊಳ್ಳಿ.

ಇನ್ನೂ ಹತ್ತಿರಕ್ಕೆ ಬನ್ನಿ. 1938ರ ಏಪ್ರಿಲ್, ನಾಲ್ವಡಿಯವರ ಕಾಲವೇ. ಮದ್ದೂರಿನ ಶಿವಪುರದಲ್ಲಿ ಬಾವುಟ ಹಾರಿಸಿದ್ದಕ್ಕೆ ಟಿ. ಸಿದ್ದಲಿಂಗಯ್ಯನವರನ್ನು ಬಂಧಿಸಿದರು. ಅದೇ ತಿಂಗಳು ಗೌರಿಬಿದನೂರಿನ ಹತ್ತಿರ ವಿದುರಾಶ್ವತ್ಥದಲ್ಲಿ ಅದೇ ಬಾವುಟಕ್ಕಾಗಿ ಸೇರಿದ್ದ ಜನರ ಮೇಲೆ ಗೋಲಿಬಾರ್ ಆಯ್ತು. ಗುಂಡು ಹಾರಿಸಿದ್ದು ಬ್ರಿಟಿಷ್ ಪೊಲೀಸರಲ್ಲ, ಮೈಸೂರು ಪೊಲೀಸರು. 1943ರಲ್ಲಿ ಈಸೂರಿನ ಐವರನ್ನು ಗಲ್ಲಿಗೇರಿಸಿದ್ದೂ ಮೈಸೂರು ಸರ್ಕಾರವೇ. ಆಮೇಲೆ 1947. ಆಗಸ್ಟ್ 15 ಮುಗಿದು ಒಂದು ತಿಂಗಳಾದರೂ ಇಲ್ಲಿ ಜವಾಬ್ದಾರಿ ಸರ್ಕಾರ ಬಂದಿರಲಿಲ್ಲ. ‘ಮೈಸೂರು ಚಲೋ’ ಅಂತ ಜನ ಬೀದಿಗಿಳಿದರು. ಸೆಪ್ಟೆಂಬರ್‌ನಲ್ಲಿ ಮೈಸೂರಿನ ನಡುಬೀದಿಯಲ್ಲಿ ರಾಮಸ್ವಾಮಿ ಅನ್ನೋ ವಿದ್ಯಾರ್ಥಿ ಗುಂಡೇಟಿಗೆ ಸತ್ತ. ಮೈಸೂರಿಗೆ ವೀಕೆಂಡ್ ಟ್ರಿಪ್ ಹೋದಾಗ ರಾಮಸ್ವಾಮಿ ಸರ್ಕಲ್ ದಾಟಿರ್ತೀರಿ. ಅದು ಆ ಹುಡುಗನ ಹೆಸರು. ಇಡೀ ದೇಶ ಸ್ವತಂತ್ರವಾದಮೇಲೆ ಸ್ವಾತಂತ್ರ್ಯಕ್ಕಾಗಿ ಸತ್ತವನು. ಸರ್ಕಲ್ಲಿನಲ್ಲಿ ಸಿಗ್ನಲ್ ಬಿದ್ದಾಗ ನಾವು ನೋಡೋದು ಅರಮನೆಗೆ ಗೂಗಲ್ ಮ್ಯಾಪ್ ಇನ್ನೂ ಎಷ್ಟು ನಿಮಿಷ ತೋರಿಸ್ತಿದೆ ಅಂತ.

ಇದೆಲ್ಲಕ್ಕೂ ಇವತ್ತಿನ ಯದುವೀರ್ ಹೊಣೆಯಾ? ಖಂಡಿತ ಅಲ್ಲ. ಅವರು ಹುಟ್ಟಿದ್ದೇ 1992ರಲ್ಲಿ. ವಿದುರಾಶ್ವತ್ಥಕ್ಕೆ ಅವರು ಹೊಣೆಯಲ್ಲ ಅಂತ ಒಪ್ಪೋದಾದರೆ ಕನ್ನಂಬಾಡಿಗೂ ಅವರು ಹೊಣೆಯಲ್ಲ. ಎರಡಕ್ಕೂ ಒಂದೇ ನ್ಯಾಯ ಇರಲಿ.

ಕ್ರೆಡಿಟ್ ಬರೀ ಮರ್ಯಾದೆ ರೂಪದಲ್ಲಿದ್ದರೆ ನಾನು ಇಷ್ಟು ಉದ್ದ ಬರೀತಿರಲಿಲ್ಲ. ಅದು ನೆಲವೂ ಆಗುತ್ತೆ. ಬೆಂಗಳೂರಿನವರಿಗೆ ಮೇಖ್ರಿ ಸರ್ಕಲ್ ಜಾಮ್ ಗೊತ್ತಿಲ್ಲದೇ ಇರಲ್ಲ. ಪಕ್ಕದಲ್ಲೇ ಅರಮನೆ ಮೈದಾನ, 472 ಎಕರೆ. ಇಡೀ ಜಾಗವನ್ನು 11 ಕೋಟಿ ರೂಪಾಯಿ ಪರಿಹಾರಕ್ಕೆ ವಶಪಡಿಸಿಕೊಳ್ಳಲು ಸರ್ಕಾರ 1996ರಲ್ಲಿ ಕಾಯ್ದೆ ಮಾಡಿತು. ಅದರ ಕೇಸು 1997ರಿಂದ ಸುಪ್ರೀಂ ಕೋರ್ಟಿನಲ್ಲಿದೆ. ರಸ್ತೆ ಅಗಲ ಮಾಡೋಕೆ ಬೇಕಿದ್ದ ಸುಮಾರು 15 ಎಕರೆಗೆ ಈಗಿನ ದರದ ಲೆಕ್ಕದಲ್ಲಿ ಕೊಡಬೇಕಾದ ಟಿಡಿಆರ್ ಮೊತ್ತ 3,000 ಕೋಟಿ ದಾಟುತ್ತೆ ಅಂತ 2024ರ ಡಿಸೆಂಬರ್‌ನಲ್ಲಿ ಗೊತ್ತಾದಾಗ ಸರ್ಕಾರಕ್ಕೇ ತಲೆ ತಿರುಗಿತು. ವಾರಸುದಾರರು ಕೋರ್ಟಿಗೆ ಹೋಗಿದ್ದು ತಪ್ಪಲ್ಲ, ಆಸ್ತಿ ಇದ್ದವರು ಯಾರಾದರೂ ಹೋಗ್ತಾರೆ. ಸರ್ಕಾರ ಮೂವತ್ತು ವರ್ಷ ಎಳೆದಾಡಿದ್ದೂ ನಾಚಿಕೆಗೇಡು. ಆದರೆ ಒಂದು ಪ್ರಶ್ನೆ ಕೇಳೋಕೂ ನಮಗೆ ಬಾಯಿ ಬರಲ್ಲ: ರಾಜ್ಯದ ಖಜಾನೆಯೂ ರಾಜರ ಜೇಬೂ ಪೂರ್ತಿ ಬೇರೆ ಬೇರೆ ಆಗಿರದ ಕಾಲದಲ್ಲಿ ಕೊಂಡ ಜಮೀನು ಇವತ್ತು ಖಾಸಗಿ ಹೇಗಾಯ್ತು? ಬೇರೆ ಯಾರಾದರೂ ಭೂಮಾಲೀಕರು ಆಗಿದ್ದಿದ್ದರೆ ನಮ್ಮ ಪೇಜುಗಳು ‘ಲ್ಯಾಂಡ್ ಮಾಫಿಯಾ’ ಅಂತ ಬರೆಯೋಕೆ ಎಷ್ಟು ಹೊತ್ತು ಬೇಕಿತ್ತು?

ನಗರದವರಿಗೆ ಇದು ಟ್ರಾಫಿಕ್ ಸಮಸ್ಯೆ. ಹಳ್ಳಿಯವರಿಗೆ ಬೇರೆ ಥರ. 2025ರಲ್ಲಿ ಚಾಮರಾಜನಗರದ ಕಡೆ ಸಾವಿರಾರು ಎಕರೆ ತಮ್ಮ ಖಾಸಗಿ ಸ್ವತ್ತು, ಖಾತೆ ಮಾಡಿಕೊಡಿ ಅಂತ ರಾಜಮನೆತನದಿಂದ ಜಿಲ್ಲಾಡಳಿತಕ್ಕೆ ಪತ್ರ ಹೋಯ್ತು. ಸುದ್ದಿ ಹಬ್ಬಿದ ಕೂಡಲೇ ಆ ಭಾಗದ ಹಳ್ಳಿಗಳಲ್ಲಿ ಜನ ಗಾಬರಿ ಬಿದ್ದರು. ಜನರಿಗೆ ಕೊಟ್ಟ ಭೂಮಿಯನ್ನು ವಾಪಸ್ ಕೇಳಲ್ಲ ಅಂತ ಪ್ರಮೋದಾದೇವಿಯವರು ಆಮೇಲೆ ಸ್ಪಷ್ಟಪಡಿಸಿದರು, ಅದು ಅವರ ದೊಡ್ಡತನ ಅಂತ ಎಲ್ಲರೂ ಹೊಗಳಿದರು. ನನಗೆ ಚುಚ್ಚಿದ್ದು ಅದೇ. ಮೂರು ತಲೆಮಾರು ಉತ್ತು ಬಿತ್ತಿದ ನೆಲದಲ್ಲಿ ನೆಮ್ಮದಿಯಾಗಿ ಮಲಗೋದು ಒಬ್ಬರ ದೊಡ್ಡತನದ ಮೇಲೆ ನಿಂತಿರಬೇಕಾ? 7ನೇ ನಂಬರ್ ಫಾರಂ ಹಿಡಿದು ತಾಲ್ಲೂಕು ಕಚೇರಿ ಮುಂದೆ ನಿಂತಿದ್ದ ತಾತನ ಮೊಮ್ಮಗನಾಗಿ ನನಗೆ ಆ ಹೊಗಳಿಕೆ ಗಂಟಲಲ್ಲಿ ಇಳಿಯಲಿಲ್ಲ.

ಈಗ ನೀವು ಹೇಳೋದು ಗೊತ್ತು: ‘ಈಗಿನ ರಾಜಕಾರಣಿಗಳಿಗಿಂತ ರಾಜರೇ ವಾಸಿ ಮಾರಾಯ.’ ಈ ಮಾತು ನಮ್ಮಲ್ಲಿ ಮಾತ್ರ ಅಲ್ಲ. ನೇಪಾಳದಲ್ಲಿ 2008ರಲ್ಲಿ ಸಂವಿಧಾನ ಸಭೆ 560–4 ಮತಗಳಿಂದ ರಾಜಪ್ರಭುತ್ವ ರದ್ದು ಮಾಡಿತು. ಆಮೇಲೆ ಬಂದ ಪಕ್ಷಗಳು ಕುರ್ಚಿಗಾಗಿ ಎಷ್ಟು ಕಚ್ಚಾಡಿದವು ಅಂದರೆ 2025ರ ಮಾರ್ಚ್‌ನಲ್ಲಿ ಮಾಜಿ ರಾಜ ಜ್ಞಾನೇಂದ್ರರನ್ನು ಸ್ವಾಗತಿಸೋಕೆ ಕಠ್ಮಂಡುವಿನಲ್ಲಿ ಸಾವಿರಾರು ಜನ ಸೇರಿದರು. ಅದೇ ಜ್ಞಾನೇಂದ್ರ 2005ರಲ್ಲಿ ಸರ್ಕಾರ ವಜಾ ಮಾಡಿ ಫೋನ್ ಲೈನುಗಳನ್ನೇ ಕಡಿಸಿ ಅಧಿಕಾರ ಕೈಗೆ ತಗೊಂಡಿದ್ದರು, ಮಾರನೇ ವರ್ಷ ಜನರೇ ಬೀದಿಗೆ ಬಂದು ಇಳಿಸಿದ್ದರು. ಇಪ್ಪತ್ತು ವರ್ಷ ಸಾಕು, ಮರೆಯೋಕೆ. ರಾಜರ ಬಗ್ಗೆ ಜನರಿಗಿರೋ ಪ್ರೀತಿ ಬಹಳ ಸಲ ಮಂತ್ರಿಗಳ ಮೇಲಿನ ಸಿಟ್ಟು ಅಷ್ಟೇ, ಬೇರೆ ಬಟ್ಟೆ ಹಾಕಿಕೊಂಡಿರುತ್ತೆ.

ಇನ್ನೊಂದು ವಾದ: ‘ದೇವೇಗೌಡರ ಮನೆ, ಯಡಿಯೂರಪ್ಪನವರ ಮನೆ, ಖರ್ಗೆಯವರ ಮನೆ, ಅವೂ ವಂಶಾಡಳಿತವೇ, ಒಡೆಯರ್ ಮೇಲೆ ಮಾತ್ರ ಯಾಕೆ ಕಣ್ಣು?’ ಕಣ್ಣು ಅವರ ಮೇಲೂ ಇದೆ ಸ್ವಾಮಿ. ಆದರೆ ಅವರಿಗೆಲ್ಲ ಮೂಲ ಟೆಂಪ್ಲೇಟ್ ಎಲ್ಲಿಂದ ಬಂತು? ಯಾವ ಪಕ್ಷದ ಯಾವ ನಾಯಕನ ಮಗ ರಾಜಕೀಯಕ್ಕೆ ಬಂದರೂ ನಮ್ಮ ಟೀವಿಯವರು ಬಳಸೋ ಪದ ಯಾವುದು? ‘ಯುವರಾಜ’. ಗೇಲಿ ಮಾಡೋಕೂ ಅದೇ ಪದ, ಹೊಗಳೋಕೂ ಅದೇ. ಅರಮನೆಯವರನ್ನು ಮಹಾರಾಜರು ಅಂತ ಕರೆಯೋ ಬಾಯಿಗೆ ಶಾಸಕರ ಮಗನನ್ನು ಯುವರಾಜ ಅನ್ನೋದು ಕಷ್ಟ ಆಗಲ್ಲ. ಒಂದನ್ನು ಸಂಸ್ಕೃತಿ ಅಂತ ಬಿಟ್ಟು ಇನ್ನೊಂದನ್ನು ಪಿಡುಗು ಅಂತ ಬೈದರೆ ಎರಡೂ ಉಳಿಯುತ್ತವೆ.

ದಸರಾ ಬೇಡವಾ ಹಾಗಾದರೆ? ಬೇಕು. ಅದು ನಾಡಹಬ್ಬ, ನಮ್ಮ ತೆರಿಗೆ ದುಡ್ಡಲ್ಲಿ ನಡೆಯೋದು. ಅಂಬಾರಿಯಲ್ಲಿ ಈಗ ಕೂರೋದು ರಾಜರಲ್ಲ, ಚಾಮುಂಡೇಶ್ವರಿ. 2017ರಲ್ಲಿ ನಿಸಾರ್ ಅಹಮದ್ ಅವರು, 2025ರಲ್ಲಿ ಬಾನು ಮುಷ್ತಾಕ್ ಅವರು ಉದ್ಘಾಟನೆ ಮಾಡಿದರು ಅಂದರೆ ಅದು ಸಾಧ್ಯವಾಗಿದ್ದು ಹಬ್ಬ ಒಂದು ಮನೆತನದ್ದಲ್ಲ ಅನ್ನೋ ಕಾರಣಕ್ಕೇ. ಬಾನು ಅವರ ವಿರುದ್ಧ ಸುಪ್ರೀಂ ಕೋರ್ಟಿನ ತನಕ ಹೋದವರ ಅರ್ಜಿ ವಜಾ ಆಯ್ತು. ಅರಮನೆಯೊಳಗೆ ಖಾಸಗಿ ದರ್ಬಾರ್ ನಡೆಯುತ್ತೆ, ನಡೆಯಲಿ, ಅವರ ಮನೆಯ ಪೂಜೆ ಅವರಿಗೆ. ಚಿನ್ನದ ಸಿಂಹಾಸನವನ್ನು ಪ್ರತಿ ವರ್ಷ ಗೆಜ್ಜಗಳ್ಳಿಯವರು ಬಂದು ಜೋಡಿಸ್ತಾರೆ, ಮುಗಿದಮೇಲೆ ಬಿಚ್ಚಿ ಒಳಗಿಡ್ತಾರೆ. ಬಿಚ್ಚಿಡಬಹುದಾದ ಸಿಂಹಾಸನದ ಬಗ್ಗೆ ನನಗೆ ಭಯವಿಲ್ಲ. ‘ಖಾಸಗಿ’ ಅನ್ನೋ ಪದದ ಅರ್ಥ ಮರೆತು ಅದನ್ನು ಲೈವ್ ಟೆಲಿಕಾಸ್ಟ್ ಮಾಡಿ ಕೆಳಗೆ ‘ಮಹಾರಾಜರ ದರ್ಬಾರ್’ ಅಂತ ಸ್ಕ್ರಾಲ್ ಓಡಿಸೋರ ಬಗ್ಗೆ ಇದೆ.

ಮುಂದಿನ ತಲೆಮಾರಿಗೂ ಇದು ಉಳಿಯುತ್ತಾ ಅಂದರೆ, ಈಗಿನ ಲೆಕ್ಕದಲ್ಲಿ ಉಳಿಯುತ್ತೆ. 2017ರಲ್ಲಿ ಹುಟ್ಟಿದ ಮಗುವಿಗೆ 2042ರ ಡಿಸೆಂಬರ್‌ಗೆ 25 ವರ್ಷ ತುಂಬುತ್ತೆ. ಐದೈದು ವರ್ಷದ ಲೆಕ್ಕ ತಪ್ಪದಿದ್ದರೆ 2044ಕ್ಕೆ ಒಂದು ಲೋಕಸಭಾ ಚುನಾವಣೆ. ಟಿಕೆಟ್ಟಿಗೆ ಯಾವ ಪಕ್ಷ ಕ್ಯೂ ನಿಲ್ಲುತ್ತೋ ಗೊತ್ತಿಲ್ಲ, ನಿಲ್ಲೋದಂತೂ ಖಚಿತ. ಆ ಹುಡುಗನಿಗೆ ಡಾಕ್ಟರೋ ಕ್ರಿಕೆಟರೋ ಆಗಬೇಕು ಅನಿಸಿದರೆ ಅದಕ್ಕೂ ನಾವು ಬಿಡಲ್ಲ. ಕಟೌಟ್ ರೆಡಿ ಇಟ್ಟುಕೊಂಡಿರ್ತೀವಿ.

ಆದರೆ ಇದು ತಪ್ಪಿಸಲಾಗದ ಹಣೆಬರಹ ಏನಲ್ಲ. ಇದೇ ಮೈಸೂರು 1991ರಲ್ಲಿ ಏನು ಮಾಡಿತು ಅಂತ ನೋಡಿ. ಶ್ರೀಕಂಠದತ್ತ ಒಡೆಯರ್ ಕಾಂಗ್ರೆಸ್ಸಿನಿಂದ ಎರಡು ಸಲ ಗೆದ್ದಿದ್ದವರು, ಆ ಸಲ ಬಿಜೆಪಿಯಿಂದ ನಿಂತರು. ಎದುರಿಗೆ ಚಂದ್ರಪ್ರಭಾ ಅರಸು, ದೇವರಾಜ ಅರಸು ಅವರ ಮಗಳು. (ಅದೂ ಒಂದು ವಂಶವೇ ಅಂತ ನೀವು ಹೇಳೋ ಮುಂಚೆ ನಾನೇ ಹೇಳ್ತೀನಿ.) ಒಡೆಯರ್ ಸೋತರು. ಆಮೇಲೆ ವಾಪಸ್ ಕಾಂಗ್ರೆಸ್ಸಿಗೆ ಬಂದು ಇನ್ನೆರಡು ಸಲ ಗೆದ್ದರು, 2004ರಲ್ಲಿ ಮತ್ತೆ ಸೋತರು. ಅಪ್ಪ ಹೇಳ್ತಾರೆ, ಆಗ ಊರಲ್ಲಿ ಪ್ರಚಾರಕ್ಕೆ ಬಂದಾಗ ಜನ ಕಾಲಿಗೂ ಬೀಳೋರು, ಓಟು ಬೇರೆಯವರಿಗೂ ಹಾಕೋರು ಅಂತ. ಹೆಬ್ಬೆಟ್ಟು ಒತ್ತುತ್ತಿದ್ದ ಆ ಜನಕ್ಕೆ ಪೂಜೆ ಬೇರೆ, ಓಟು ಬೇರೆ ಅಂತ ಗೊತ್ತಿತ್ತು. ಎಂಟೆಕ್, ಎಂಬಿಎ ಮಾಡಿದ ನಮಗೆ ಎರಡೂ ಒಂದೇ ಆಗಿಬಿಟ್ಟಿದೆ.

ಮೊನ್ನೆ ಊರಿಗೆ ಹೋಗಿದ್ದಾಗ ಅಪ್ಪ ಬ್ಯಾರನ್ ಮುಂದೆ ಕೂತು ಹೊಗೆಸೊಪ್ಪು ವಿಂಗಡಿಸ್ತಿದ್ದರು. ಹರಾಜು ಮಾರುಕಟ್ಟೆಯಲ್ಲಿ ರೇಟು ಸರಿಯಾಗಿ ಕೂಗ್ತಿಲ್ಲ ಅಂತ ಬೇಜಾರು. ‘ಎಂಪಿಗೆ ಹೇಳ್ಬೇಕಲ್ವಾ ಅಪ್ಪ? ತಂಬಾಕು ಮಂಡಳಿ ಸೆಂಟ್ರಲ್ ಗೌರ್ಮೆಂಟಿಂದು’ ಅಂದೆ. ‘ಮಾರಾಜ್ರುತಾವ ಹೋಗಿ ಸೊಪ್ಪಿನ್ ರೇಟ್ ಕೇಳಕ್ಕಾಯ್ತದ್ಲಾ?’ ಅಂದರು.

ಕೇಳಕ್ಕಾಗುತ್ತೆ ಅಪ್ಪ. ಅವರ ಸಂಬಳ ಬರೋದೇ ಅದಕ್ಕೆ. ಮುಂದಿನ ಹರಾಜು ಶುರುವಾಗೋಕೆ ಮುಂಚೆ ನಮ್ಮೂರಿನ ಬೆಳೆಗಾರರ ಮನವಿ ನಾನೇ ಟೈಪ್ ಮಾಡಿ ಕೊಟ್ಟಿದ್ದೀನಿ: ಸೊಪ್ಪಿನ ದರ, ಲೈಸೆನ್ಸು, ನಾಗರಹೊಳೆ ಅಂಚಿನಲ್ಲಿ ಆನೆ ಕಾಟಕ್ಕೆ ಕಂಬಿ ಬೇಲಿ. ಮೇಲೆ ವಿಳಾಸದಲ್ಲಿ ‘ಗೆ, ಮಾನ್ಯ ಸಂಸದರು, ಮೈಸೂರು–ಕೊಡಗು ಲೋಕಸಭಾ ಕ್ಷೇತ್ರ’ ಅಂತ ಹಾಕಿದ್ದೀನಿ. ಸಹಿ ಹಾಕೋಕೆ ಬಂದವರಲ್ಲಿ ಇಬ್ಬರು ‘ಮಹಾರಾಜರು ಅಂತ ಸೇರಿಸಪ್ಪ, ಬೇಜಾರು ಮಾಡ್ಕತಾರೆ’ ಅಂದರು. ಸೇರಿಸಿಲ್ಲ.